ಬಣವೆಯ ಮೈಯಳತೆ



ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕೀಳುವ ದಿನಗಳು ಬಂದರೆ ರೈತರ ಕಣ್ಣು ಹೊಲಕ್ಕಿಂತ ಹೆಚ್ಚಾಗಿ ಮುಗಿಲಿನ ಮೇಲಿರುತ್ತದೆ. ಜೂನ್, ಜುಲೈನಲ್ಲಿ ಬಿತ್ತಿದ ಬೆಳೆ ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೈಗೆ ಬರುತ್ತದೆ. ಹೂ ಕಟ್ಟುವಾಗ, ಊಡು ಇಳಿಯುವಾಗ ಕಾಯಿಸಿ ಕಾಯಿಸಿ ಬಾರದ ಮಳೆ, ಗಿಡ ಕಿತ್ತು ಒಟ್ಟಿದ ಮೇಲೆ ಬಂದು ಸುರಿಯುವುದುಂಟು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತೆಂದು ಸುದ್ದಿ ಬಂದರೆ ಸಾಕು, ಪರಶುರಾಂಪುರ, ತಳಕು, ನಾಯಕನಹಟ್ಟಿ, ರಾಂಪುರದ ಕಡೆಯ ಹೊಲಗಳಲ್ಲಿ ಬಣವೆಗೆ ತಾಡಪಾಲು ಎಳೆಯುವ ಆತುರ ಶುರುವಾಗುತ್ತದೆ. ಕಾಯಿ ನೆನೆದರೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಜಾತಿಯದು ಅಫ್ಲಾಟಾಕ್ಸಿನ್ ಎಂಬ ವಿಷವನ್ನೇ ಕಾಯಿಯೊಳಗೆ ಬಿಡುತ್ತದೆ. ಬಳ್ಳಿ ನೆನೆದು ಕಪ್ಪಾದರೆ ದನ ಮೂಸಿ ನೋಡಿ ಮುಖ ತಿರುಗಿಸುತ್ತದೆ. ಅಮೃತಮಹಲ್ ಕಾವಲುಗಳ ಈ ನಾಡಿನಲ್ಲಿ, ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ಸಾಕಿಕೊಂಡು ಬಂದ ಈ ನಾಡಿನಲ್ಲಿ, ಮೇವು ಕೆಟ್ಟರೆ ಅದು ಮನೆಮಂದಿಯ ಊಟ ಕೆಟ್ಟಷ್ಟೇ ನೋವು.

ಆಗ ತಾಡಪಾಲು ಕೊಳ್ಳಲು ಹೋದರೆ ಅಂಗಡಿಯವರು ಕೇಳುವ ಮಾತು ಒಂದೇ: ಎಷ್ಟು ಅಳತೆಯದು ಬೇಕು? ಈ ಪ್ರಶ್ನೆಗೆ ಅಂದಾಜಿನಲ್ಲಿ ಉತ್ತರ ಕೊಟ್ಟು ತಂದ ತಾಡಪಾಲು ಒಂದು ಮೊಳ ಕಡಿಮೆ ಬಿದ್ದರೂ ಆ ಕಡೆಯಿಂದಲೇ ನೀರು ಇಳಿಯುತ್ತದೆ. ಬೇಕಾದ್ದಕ್ಕಿಂತ ಹೆಚ್ಚಾದರೆ ದುಡ್ಡು ದಂಡ. ಇವತ್ತು ನಾನು ಹೇಳಹೊರಟಿರುವುದು ಈ ಪ್ರಶ್ನೆಯ ಲೆಕ್ಕ. ಶಾಲೆಯ ಮಾತಿನಲ್ಲಿ ಇದಕ್ಕೆ ತ್ರಿಭುಜ ಪಾದದ ಪಟ್ಟಕದ ಮೇಲ್ಮೈ ವಿಸ್ತೀರ್ಣ ಎಂದು ಹೆಸರು. ಕೇಳುತ್ತಿರುವ ಮಕ್ಕಳು ಒಂದು ಕಾಗದ, ಒಂದು ಪೆನ್ಸಿಲು ಇಟ್ಟುಕೊಂಡರೆ ಒಳ್ಳೆಯದು.

ಉದ್ದಕ್ಕೆ ಒಟ್ಟಿದ ಬಣವೆಯನ್ನು ಒಂದು ತುದಿಯಲ್ಲಿ ನಿಂತು ನೋಡಿ. ಬುಡ ಅಗಲ, ನೆತ್ತಿ ಚೂಪು. ಕಣ್ಣಿಗೆ ಬೀಳುವುದು ತ್ರಿಭುಜ. ಇನ್ನೊಂದು ತುದಿಗೆ ಹೋದರೆ ಅಲ್ಲಿಯೂ ಅದೇ ಅಳತೆಯ ತ್ರಿಭುಜ. ನಡುವೆ ಎಲ್ಲಿ ಅಡ್ಡ ಕೊಯ್ದರೂ ಅದೇ. ಹೀಗೆ ಈ ತುದಿಯಿಂದ ಆ ತುದಿಯವರೆಗೆ ಅಡ್ಡಕೊಯ್ತ ಬದಲಾಗದ ಆಕೃತಿಯೇ ಪಟ್ಟಕ. ನಮ್ಮದು ತ್ರಿಭುಜದ ಪಟ್ಟಕವಾದ್ದರಿಂದ ಇದಕ್ಕೆ ಐದು ಮುಖ, ಆರು ಮೂಲೆ, ಒಂಬತ್ತು ಅಂಚು. ಪುಸ್ತಕದ ಚಿತ್ರದಲ್ಲಿ ಪಟ್ಟಕವು ತ್ರಿಭುಜದ ಮೇಲೆ ನೆಟ್ಟಗೆ ನಿಂತಿರುತ್ತದೆ. ಹೊಲದಲ್ಲಿ ಅದು ಆಯತದ ಮೇಲೆ ಮಲಗಿರುತ್ತದೆ. ಪುಸ್ತಕದಲ್ಲಿ ಪಟ್ಟಕದ ಎತ್ತರ ಎಂದು ಬರೆದದ್ದು ಹೊಲದಲ್ಲಿ ಬಣವೆಯ ಉದ್ದವಾಗುತ್ತದೆ. ಹೊಲದಲ್ಲಿ ನಾವು ಎತ್ತರ ಎನ್ನುವುದು ತ್ರಿಭುಜದ ಎತ್ತರ. ಸೂತ್ರ ಬಾಯಿಪಾಠ ಬಂದ ಮಕ್ಕಳೂ ಮೊದಲು ಎಡವುವುದು ಇಲ್ಲಿಯೇ. ಈ ಎರಡು ಎತ್ತರಗಳನ್ನು ಬೇರೆ ಬೇರೆ ಮಾಡಿಕೊಂಡರೆ ಅರ್ಧ ಲೆಕ್ಕ ಮುಗಿದಂತೆಯೇ.

ಉಳಿದ ಅರ್ಧಕ್ಕೆ ದಾರಿ, ಬಿಚ್ಚಿ ಹಾಸುವುದು. ಮಡಿಸಿಟ್ಟ ಮೊಳಕಾಲ್ಮುರು ಸೀರೆಯ ಮಡಿಕೆ ಬಿಚ್ಚಿದರೆ ಒಂದೇ ಉದ್ದನೆಯ ಬಟ್ಟೆ ನೆಲದ ಮೇಲೆ ಹಾಸಿಕೊಳ್ಳುವಂತೆ, ಪಟ್ಟಕದ ಮೂರು ಆಯತಗಳನ್ನು ಅಂಚಿನಲ್ಲಿ ಬಿಚ್ಚಿ ಹಾಸಿದರೆ ಒಂದೇ ದೊಡ್ಡ ಆಯತ ಸಿಗುತ್ತದೆ. ಅದರ ಒಂದು ಬದಿ ತ್ರಿಭುಜದ ಸುತ್ತಳತೆ, ಇನ್ನೊಂದು ಬದಿ ಪಟ್ಟಕದ ಉದ್ದ. ಎರಡನ್ನೂ ಗುಣಿಸಿದರೆ ಮೂರೂ ಆಯತಗಳ ವಿಸ್ತೀರ್ಣ ಒಟ್ಟಿಗೆ ಬಂತು. ಇದು ಪಾರ್ಶ್ವ ಮೇಲ್ಮೈ. ಇದಕ್ಕೆ ತುದಿಯ ಎರಡು ತ್ರಿಭುಜಗಳನ್ನು ಸೇರಿಸಿದರೆ ಪೂರ್ಣ ಮೇಲ್ಮೈ. ಮೂರು ಆಯತ, ಎರಡು ತ್ರಿಭುಜ: ನೆನಪಿಡಬೇಕಾದದ್ದು ಇಷ್ಟೇ.

ಈಗ ಅಂಕಿ ಹಾಕೋಣ. ಬಣವೆಯ ಬುಡದ ಅಗಲ 12 ಅಡಿ. ನೆಲದಿಂದ ನೆತ್ತಿಯವರೆಗಿನ ಇಳಿಜಾರು ಎರಡು ಕಡೆಯೂ 10 ಅಡಿ. ಉದ್ದ 30 ಅಡಿ. ತ್ರಿಭುಜದ ಸುತ್ತಳತೆ 10, 10, 12 ಸೇರಿ 32 ಅಡಿ. 32ನ್ನು 30ರಿಂದ ಗುಣಿಸಿದರೆ 960 ಚದರ ಅಡಿ. ಇನ್ನು ತುದಿಯ ತ್ರಿಭುಜಕ್ಕೆ ಅದರ ಎತ್ತರ ಬೇಕು. ಬಣವೆಯ ನಡುವೆ ಅಳತೆಪಟ್ಟಿ ಇಳಿಬಿಡಲು ಆಗುವುದಿಲ್ಲ. ಬೇಕಾಗಿಯೂ ಇಲ್ಲ. ಬುಡದ ಅರ್ಧ 6, ಇಳಿಜಾರು 10. 10ರ ವರ್ಗ 100, 6ರ ವರ್ಗ 36. ಕಳೆದರೆ 64. ಅದರ ವರ್ಗಮೂಲ 8. ಎತ್ತರ 8 ಅಡಿ. ತ್ರಿಭುಜದ ವಿಸ್ತೀರ್ಣ 12ರ ಅರ್ಧ ಗುಣಿಸು 8, ಅಂದರೆ 48 ಚದರ ಅಡಿ. ಎರಡು ತುದಿಗೆ 96. ಒಟ್ಟು ಮೇಲ್ಮೈ 960ಕ್ಕೆ 96 ಸೇರಿ 1056 ಚದರ ಅಡಿ.

ಪರೀಕ್ಷೆಯಲ್ಲಿ ಇಷ್ಟು ಬರೆದರೆ ಪೂರ್ತಿ ಅಂಕ ಸಿಗುತ್ತದೆ. ಆದರೆ ಇದೇ ಅಂಕಿ ಹಿಡಿದು ಅಂಗಡಿಗೆ ಹೋದರೆ 360 ಚದರ ಅಡಿಯಷ್ಟು ತಾಡಪಾಲು ಸುಮ್ಮನೆ ಕೊಂಡಂತಾಗುತ್ತದೆ. ಯಾಕೆಂದರೆ 12 ಅಡಿ ಅಗಲ, 30 ಅಡಿ ಉದ್ದದ ಒಂದು ಆಯತ ನೆಲದ ಮೇಲೆ ಕೂತಿದೆ. ಅದಕ್ಕೆ ಮಳೆ ತಾಗುವುದಿಲ್ಲ. ಮಳೆಗೆ ಮೈಯೊಡ್ಡುವುದು ಎರಡು ಇಳಿಜಾರು ಮತ್ತು ಎರಡು ತುದಿ: 600ಕ್ಕೆ 96 ಸೇರಿ 696 ಚದರ ಅಡಿ. ತಳದ 360ಕ್ಕೆ ಬೇರೆಯೇ ವ್ಯವಸ್ಥೆ. ಕಲ್ಲು ಹಾಸಿಯೋ ತೊಗರಿಕಟ್ಟಿಗೆ ಹರಡಿಯೋ ನೆಲದ ತೇವ ಮೇಲೇರದಂತೆ ನೋಡಿಕೊಳ್ಳಬೇಕು.

ನಾನು ಇವತ್ತು ಒತ್ತಿ ಹೇಳಬೇಕೆಂದಿರುವ ಮಾತು ಇದೇ. ಐದು ಮುಖಗಳ ವಿಸ್ತೀರ್ಣ ಎಷ್ಟು ಎಂಬುದನ್ನು ಸೂತ್ರ ಹೇಳುತ್ತದೆ. ಯಾವ ಮುಖ ಲೆಕ್ಕಕ್ಕೆ ಬರಬೇಕು, ಯಾವುದು ಬರಬಾರದು ಎಂಬುದನ್ನು ಕೆಲಸ ಹೇಳುತ್ತದೆ. ಆ ಎರಡನೆಯದನ್ನು ಕಲಿಸದೆ ಮೊದಲನೆಯದನ್ನಷ್ಟೇ ಕಲಿಸಿದರೆ ಗಣಿತ ತರಗತಿಯ ಬಾಗಿಲು ದಾಟುವುದಿಲ್ಲ.

ಹೊಲದಲ್ಲಿ ಅಳೆಯುವುದಕ್ಕೆ ಇನ್ನೂ ಸುಲಭದ ಉಪಾಯವಿದೆ. ಒಂದು ಹಗ್ಗವನ್ನು ಬಣವೆಯ ಈ ಕಡೆಯ ನೆಲಕ್ಕೆ ಮುಟ್ಟಿಸಿ, ನೆತ್ತಿಯ ಮೇಲೆ ಎಸೆದು, ಆ ಕಡೆಯ ನೆಲಕ್ಕೆ ಮುಟ್ಟಿಸಿ. ಆ ಹಗ್ಗದ ಉದ್ದವೇ ಎರಡು ಇಳಿಜಾರುಗಳ ಮೊತ್ತ. ಅದನ್ನು ಬಣವೆಯ ಉದ್ದದಿಂದ ಗುಣಿಸಿದರೆ ಇಳಿಜಾರಿನ ವಿಸ್ತೀರ್ಣ ನೇರವಾಗಿ ಕೈಗೆ ಬಂತು. ನಿಜದ ಬಣವೆಯ ಮೈ ಗೆರೆ ಎಳೆದಂತೆ ನೆಟ್ಟಗಿರುವುದಿಲ್ಲ, ಹೊಟ್ಟೆ ಉಬ್ಬಿರುತ್ತದೆ. ಹಗ್ಗವು ಆ ಉಬ್ಬನ್ನೂ ಸೇರಿಸಿಕೊಂಡೇ ಅಳೆಯುತ್ತದೆ. ಅಂಚಿನಲ್ಲಿ ಕಲ್ಲು ಹೇರುವುದಕ್ಕೆ ನಾಲ್ಕೂ ಕಡೆ ಒಂದೊಂದು ಮೊಳ ಹೆಚ್ಚು ಹಿಡಿದರೆ ಗಾಳಿಗೂ ಭಯವಿಲ್ಲ.

ತುದಿಯ ತ್ರಿಭುಜದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮಕ್ಕಳು ಹೆಚ್ಚಾಗಿ ಮಾಡುವ ತಪ್ಪೆಂದರೆ ಎತ್ತರದ ಜಾಗದಲ್ಲಿ ಇಳಿಜಾರನ್ನು ಹಾಕುವುದು. 12ರ ಅರ್ಧ 6, ಅದನ್ನು 8ರಿಂದ ಗುಣಿಸದೆ 10ರಿಂದ ಗುಣಿಸಿ 60 ಎಂದು ಬರೆಯುವುದು. ಈ 60ಕ್ಕೆ ಹಳೆಯ ಚರಿತ್ರೆಯಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. ಅಡುಗೆ, ವೈದ್ಯ, ಸಂಗೀತ, ನಾಟಕ, ವಾಸ್ತು, ಹೀಗೆ ಯಾವ ವಿದ್ಯೆಯನ್ನು ಹಿಡಿದರೂ ಅದರೊಳಗೆ ಗಣಿತವಿದೆ ಎಂದು ಮೊದಲಿಗೇ ಸಾರಿದವರು ಅವರು. ಕ್ಷೇತ್ರಗಣಿತದ ಭಾಗದಲ್ಲಿ ಅವರು ವಿಸ್ತೀರ್ಣಕ್ಕೆ ಎರಡು ಬಗೆಯ ನಿಯಮ ಕೊಡುತ್ತಾರೆ. ಒಂದು ವ್ಯವಹಾರಕ್ಕೆ ಸಾಕಾಗುವ ಒರಟು ಲೆಕ್ಕ, ಇನ್ನೊಂದು ಸೂಕ್ಷ್ಮ ಲೆಕ್ಕ. ಒರಟು ಲೆಕ್ಕದಲ್ಲಿ ಎದುರುಬದುರು ಬಾಹುಗಳ ಮೊತ್ತದ ಅರ್ಧಗಳನ್ನು ಗುಣಿಸಬೇಕು. ತ್ರಿಭುಜಕ್ಕಾದರೆ ಬುಡದ ಎದುರು ಬಾಹು ಇಲ್ಲ, ಅದನ್ನು ಸೊನ್ನೆ ಎಂದು ಹಿಡಿಯಬೇಕು. ನಮ್ಮ ಬಣವೆಗೆ ಹಾಕಿದರೆ 10 ಮತ್ತು 10ರ ಮೊತ್ತದ ಅರ್ಧ 10, 12ರ ಅರ್ಧ 6, ಗುಣಿಸಿದರೆ 60. ಮಕ್ಕಳ ತಪ್ಪು ಉತ್ತರವೇ ಇದು.

ಸೂಕ್ಷ್ಮ ನಿಯಮ ಹೀಗಿದೆ: ಸುತ್ತಳತೆಯ ಅರ್ಧ ತೆಗೆದುಕೊಂಡು, ಅದರಿಂದ ಒಂದೊಂದು ಬಾಹುವನ್ನೂ ಕಳೆದು, ಬಂದದ್ದನ್ನೆಲ್ಲ ಆ ಅರ್ಧದೊಂದಿಗೇ ಗುಣಿಸಿ ವರ್ಗಮೂಲ ತೆಗೆಯುವುದು. 32ರ ಅರ್ಧ 16. ಬಾಹುಗಳನ್ನು ಕಳೆದರೆ 6, 6 ಮತ್ತು 4. ಈ ಮೂರನ್ನೂ 16ನ್ನೂ ಗುಣಿಸಿದರೆ 2304. ಅದರ ವರ್ಗಮೂಲ 48. ನಾವು ಎತ್ತರ ಹಿಡಿದು ಕಂಡುಕೊಂಡ ಉತ್ತರವೇ ಬಂತು. ಇದೇ ನಿಯಮವನ್ನು ನಮ್ಮ ಮಕ್ಕಳು ಪ್ರೌಢಶಾಲೆಯಲ್ಲಿ ಅಲೆಕ್ಸಾಂಡ್ರಿಯದ ಹೆರಾನ್ ಹೆಸರಿನಲ್ಲಿ ಓದುತ್ತಾರೆ. ಮಹಾವೀರರಿಗಿಂತ ಮೊದಲು, ಕ್ರಿ.ಶ. 628ರಲ್ಲಿ, ಬ್ರಹ್ಮಗುಪ್ತನೂ ಇದನ್ನು ಬರೆದಿದ್ದಾನೆ. ಮೂರು ಬದಿಗೂ ಹಗ್ಗ ಹಿಡಿದು ಅಳೆದರೆ ಸಾಕು, ಎತ್ತರ ಹುಡುಕುವ ಕೆಲಸವೇ ಇಲ್ಲ ಎಂಬುದು ಇದರ ಲಾಭ. ಎರಡು ಇಳಿಜಾರುಗಳು ಸಮವಾಗಿಲ್ಲದ ಬಣವೆಗಂತೂ ಇದೇ ಸರಿಯಾದ ದಾರಿ.

ಒರಟು ಲೆಕ್ಕ ಎಲ್ಲೆಡೆ ಕೆಟ್ಟದ್ದಲ್ಲ. ಬುಡ 2 ಅಡಿ, ಇಳಿಜಾರು 10 ಅಡಿಯ ಕಡಿದಾದ ತ್ರಿಭುಜಕ್ಕೆ ಒರಟು ಉತ್ತರ 10, ಸೂಕ್ಷ್ಮ ಉತ್ತರ 9.95. ವ್ಯತ್ಯಾಸ ಲೆಕ್ಕಕ್ಕಿಲ್ಲ. ಬುಡ 16 ಅಡಿಗೆ ಹರಡಿದರೆ ಒರಟು ಉತ್ತರ 80, ಸೂಕ್ಷ್ಮ ಉತ್ತರ 48. ತಗ್ಗಿ ಹರಡಿದ ಆಕೃತಿಯಲ್ಲಿ ಒರಟು ಲೆಕ್ಕ ನಂಬಿದವರು ಮೋಸ ಹೋಗುತ್ತಾರೆ. ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವುದು ಒರಟು, ಯಾವುದು ಸೂಕ್ಷ್ಮ ಎಂದು ಹೆಸರಿಟ್ಟು ತೋರಿಸಿದ ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಆಮೇಲೆ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿಯೇ ವ್ಯವಹಾರಗಣಿತ, ಕ್ಷೇತ್ರಗಣಿತ ಬರೆದ. ಅಳತೆಯ ವಿದ್ಯೆ ನಮ್ಮ ನುಡಿಗೆ ಹೊಸದಲ್ಲ.

ಇನ್ನು ಒಂದು ಹೆಜ್ಜೆ ಮುಂದೆ ಹೋಗೋಣ. ಕೃಷಿ ಇಲಾಖೆಯವರು ರೈತ ಸಂಪರ್ಕ ಕೇಂದ್ರಗಳ ಮೂಲಕ ಸಹಾಯಧನದಲ್ಲಿ ಕೊಡುವ ತಾಡಪಾಲಿನ ಅಳತೆ ಸಾಮಾನ್ಯವಾಗಿ 8 ಮೀಟರ್ ಉದ್ದ, 6 ಮೀಟರ್ ಅಗಲ. ಅಂದರೆ 48 ಚದರ ಮೀಟರ್. ಇಲ್ಲಿ ಪ್ರಶ್ನೆ ತಿರುಗಿ ನಿಲ್ಲುತ್ತದೆ. ಬಣವೆಗೆ ತಕ್ಕ ತಾಡಪಾಲು ಯಾವುದು ಎಂದಲ್ಲ, ಕೈಯಲ್ಲಿರುವ ತಾಡಪಾಲಿಗೆ ತಕ್ಕ ಬಣವೆ ಯಾವುದು?

6 ಮೀಟರ್ ಬದಿಯನ್ನು ನೆತ್ತಿಯ ಮೇಲೆ ಮಡಿಸಿದರೆ ಎರಡು ಕಡೆಗೂ 3 ಮೀಟರ್ ಇಳಿಜಾರು, ಉದ್ದ 8 ಮೀಟರ್. ಬುಡವನ್ನು 3 ಮೀಟರಿಗೆ ಕಿರಿದು ಮಾಡಿ ಕಡಿದಾಗಿ ಒಟ್ಟಿದರೆ ಒಳಗೆ ಹಿಡಿಯುವುದು ಸುಮಾರು 31 ಘನ ಮೀಟರ್. ಬುಡವನ್ನು 5 ಮೀಟರಿಗೆ ಹರಡಿದರೆ ಸುಮಾರು 33. ಬುಡ 4.24 ಮೀಟರ್, ಎತ್ತರ 2.12 ಮೀಟರ್ ಇದ್ದರೆ ಸರಿಯಾಗಿ 36. ಆಗ ನೆತ್ತಿಯ ಕೋನ 90 ಡಿಗ್ರಿ. ಈ ಮಡಿಕೆಯಲ್ಲಿ ಇದಕ್ಕಿಂತ ಹೆಚ್ಚು ಹಿಡಿಸುವ ತ್ರಿಭುಜವೇ ಇಲ್ಲ. ಕಾರಣ ಸರಳ. ಒಂದು ಇಳಿಜಾರನ್ನೇ ತ್ರಿಭುಜದ ಬುಡ ಎಂದುಕೊಳ್ಳಿ. ಇನ್ನೊಂದು ಇಳಿಜಾರಿನ ತುದಿ ಅದರಿಂದ ಅತಿ ಹೆಚ್ಚು ಎತ್ತರಕ್ಕೆ ಹೋಗುವುದು ಅದು ಲಂಬವಾಗಿ ನಿಂತಾಗ ಮಾತ್ರ. ಎತ್ತರ ಹೆಚ್ಚಿದಷ್ಟೂ ವಿಸ್ತೀರ್ಣ ಹೆಚ್ಚು.

ಈಗ ಅದೇ ತಾಡಪಾಲನ್ನು ತಿರುಗಿಸಿ 8 ಮೀಟರ್ ಬದಿಯನ್ನು ಮಡಿಸಿ. ಇಳಿಜಾರು 4 ಮೀಟರ್, ಉದ್ದ 6 ಮೀಟರ್. ನೆತ್ತಿಯ ಕೋನ 90 ಡಿಗ್ರಿಯೇ ಇರಲಿ. ತುದಿಯ ತ್ರಿಭುಜ 8 ಚದರ ಮೀಟರ್, ಉದ್ದ 6, ಹಿಡಿಯುವುದು 48 ಘನ ಮೀಟರ್! ಅದೇ ತಾಡಪಾಲು, ಅದೇ ದುಡ್ಡು, ಮಡಿಸುವ ದಿಕ್ಕು ಬದಲಾದದ್ದಕ್ಕೆ ಮೂರನೇ ಒಂದು ಭಾಗ ಹೆಚ್ಚು ಮೇವು ನೆರಳಿಗೆ ಬಂತು. ಆದರೆ ತುದಿಗಳನ್ನು ಮರೆಯಬಾರದು. ಮೊದಲಿನ ಮಡಿಕೆಯಲ್ಲಿ ಎರಡು ತುದಿ ಸೇರಿ 9 ಚದರ ಮೀಟರ್ ಬಯಲಾಗಿತ್ತು, ಈಗ 16. ಅದನ್ನು ಹಳೆಯ ಗೋಣಿಚೀಲಗಳನ್ನು ದಬ್ಬಳದಲ್ಲಿ ಹೊಲಿದು ಮುಚ್ಚಬೇಕಾಗುತ್ತದೆ. ಹಾಗೆ ಮುಚ್ಚಿದರೂ ಒಂದು ಘನ ಮೀಟರ್ ಮೇವಿಗೆ ಬೇಕಾದ ಹೊದಿಕೆ ಮೊದಲಿನದರಲ್ಲಿ 1.58 ಚದರ ಮೀಟರ್, ಇದರಲ್ಲಿ 1.33. ಲಾಭ ಇದರಲ್ಲೇ ಇದೆ. ಬಿರುಮಳೆ ಹೊಡೆಯುವ ಕಡೆ ನೀರು ಬೇಗ ಜಾರಲೆಂದು ಸ್ವಲ್ಪ ಕಡಿದಾಗಿ ಒಟ್ಟುವುದು ಜಾಣತನ. ಅದಕ್ಕೆ ಎಷ್ಟು ಮೇವಿನ ಜಾಗ ಬಿಟ್ಟುಕೊಡುತ್ತಿದ್ದೇವೆ ಎಂಬುದು ಗೊತ್ತಿದ್ದು ಬಿಟ್ಟುಕೊಡಬೇಕು.

ಇದೇ ಲೆಕ್ಕ ಕೂಡಿ ಬಾಳುವುದರ ಬೆಲೆಯನ್ನೂ ಹೇಳುತ್ತದೆ. ಅಣ್ಣತಮ್ಮಂದಿರಿಬ್ಬರು ನಾವು ಮೊದಲು ಹೇಳಿದ 30 ಅಡಿಯ ಬಣವೆಗಳನ್ನು ಬೇರೆ ಬೇರೆ ಒಟ್ಟಿದರೆ ಹೊದಿಕೆ ಎರಡು ಸಲ 696, ಅಂದರೆ 1392 ಚದರ ಅಡಿ. ಎರಡನ್ನೂ ಸೇರಿಸಿ 60 ಅಡಿ ಉದ್ದಕ್ಕೆ ಒಟ್ಟಿದರೆ 1296. ನಡುವಿನ ಎರಡು ತ್ರಿಭುಜಗಳು ಒಂದಕ್ಕೊಂದು ಅಂಟಿ ಮಳೆಯಿಂದ ಮರೆಯಾಗುತ್ತವೆ. 96 ಚದರ ಅಡಿ ಉಳಿತಾಯ.

ಬಣವೆಯಿಂದ ಸೂರಿಗೆ ಬರೋಣ. ಚಳ್ಳಕೆರೆ, ಮೊಳಕಾಲ್ಮುರು ಸೀಮೆ ಮಳೆ ಕಡಿಮೆಯ ಸೀಮೆ. ಹಿಂದಿನವರು ಇಳಿಜಾರು ಮಾಡಿನ ಗೊಡವೆಗೆ ಹೋಗದೆ ಮಾಳಿಗೆ ಮನೆ ಕಟ್ಟಿ, ಮೇಲೆ ಕರಲು ಮಣ್ಣು ಹಾಕಿ ಸೋರದಂತೆ ನೋಡಿಕೊಂಡರು. ಮಲೆನಾಡಿನಲ್ಲಿ ಮನೆಮನೆಗೂ ಕಾಣುವ ಪಟ್ಟಕ ಇಲ್ಲಿ ಕಾಣುವುದು ಗುಡಿಸಲುಗಳಲ್ಲಿ, ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಶೆಡ್ಡುಗಳಲ್ಲಿ, ಈಗೀಗ ತಗಡು ಹೊದಿಸಿದ ಮನೆಗಳಲ್ಲಿ. ಮೊಳಕಾಲ್ಮುರಿನ ನೇಕಾರ ಕುಟುಂಬವೊಂದು ಮಗ್ಗಕ್ಕೆ ಶೆಡ್ಡು ಹಾಕಬೇಕೆಂದುಕೊಳ್ಳಿ. ರೇಷ್ಮೆಯ ಹಾಸಿನ ಮೇಲೆ ನಾಲ್ಕು ಹನಿ ಬಿದ್ದರೂ ವಾರಗಟ್ಟಲೆ ದುಡಿಮೆ ಹಾಳು, ಆದ್ದರಿಂದ ಮಾಡು ಸರಿಯಾಗಬೇಕು.

ಶೆಡ್ಡಿನ ಅಗಲ 24 ಅಡಿ, ಉದ್ದ 30 ಅಡಿ. ಗೋಡೆಯ ಮೇಲಿಂದ ನೆತ್ತಿ 5 ಅಡಿ ಎತ್ತರ. ಅಗಲದ ಅರ್ಧ 12. 12 ಮತ್ತು 5ರ ವರ್ಗಗಳ ಮೊತ್ತ 169, ಅದರ ವರ್ಗಮೂಲ 13. ಇಳಿಜಾರು 13 ಅಡಿ. ಎರಡು ಕಡೆಯ ಮಾಡು 780 ಚದರ ಅಡಿ. ನಮ್ಮ ಕಟ್ಟಡದವರು ನೂರು ಚದರ ಅಡಿಯನ್ನು ಒಂದು ಚದರ ಎನ್ನುತ್ತಾರೆ, ಆ ಲೆಕ್ಕದಲ್ಲಿ 7.8 ಚದರ. ನೆಲ 7.2 ಚದರ. ನೆಲದ ಅಳತೆಯನ್ನೇ ಮಾಡಿನ ಅಳತೆ ಎಂದು ತಗಡು ತಂದವರಿಗೆ ಇಲ್ಲಿಯೇ ಕೊರತೆ ಬೀಳುತ್ತದೆ. ಸೂರು ಒಂದು ಅಡಿ ಮುಂದೆ ಚಾಚಬೇಕು, ಎರಡು ತುದಿಯಲ್ಲೂ ಒಂದೊಂದು ಅಡಿ ಹೊರಗೆ ಬರಬೇಕು ಎಂದರೆ 14 ಅಡಿ ಇಳಿಜಾರು, 32 ಅಡಿ ಉದ್ದ, ಒಟ್ಟು 896 ಚದರ ಅಡಿ. ತಗಡಿನ ಮೇಲೆ ತಗಡು ಹಾಯುವ ಭಾಗ ಇನ್ನೂ ಬೇರೆ. ಸೆಕೆ ಕಡಿಮೆಯಾಗಲೆಂದು ನೆತ್ತಿಯನ್ನು 9 ಅಡಿಗೆ ಏರಿಸಿದರೆ ಇಳಿಜಾರು 15 ಅಡಿಯಾಗಿ ಮಾಡು 900 ಚದರ ಅಡಿಗೆ ಹೋಗುತ್ತದೆ, ಅದೂ ಸೂರು ಚಾಚುವ ಮೊದಲು. ತುದಿಯ ಎರಡು ಮೂರುಮೂಲೆ ಗೋಡೆಗಳು 120ರಿಂದ 216 ಚದರ ಅಡಿಗೆ ಏರುತ್ತವೆ. ಏರಿಸಬಾರದು ಎಂದಲ್ಲ. ಏರಿಸುವ ಮೊದಲು ಈ ಅಂಕಿ ಮನೆಯವರ ಕೈಯಲ್ಲಿರಬೇಕು.

ಗಮನಿಸಿ, ಇಲ್ಲಿಯೂ ಐದು ಮುಖಗಳಿವೆ. ತಗಡು ಹಾಕುವವರಿಗೆ ಎರಡು ಆಯತ ಮಾತ್ರ ಲೆಕ್ಕ. ಗಾರೆ ಕೆಲಸದವರಿಗೆ ಎರಡು ತ್ರಿಭುಜ ಮಾತ್ರ ಲೆಕ್ಕ. ಒಳಗೆ ಮಟ್ಟಸವಾದ ಸೀಲಿಂಗು ಹೊಡೆಸುವುದಾದರೆ ಆಗ ಕೆಳಗಿನ ಆಯತ ಲೆಕ್ಕಕ್ಕೆ ಬರುತ್ತದೆ. ಒಂದೇ ಪಟ್ಟಕದ ಮುಂದೆ ಮೂವರು ನಿಂತರೆ ಮೂವರ ಲೆಕ್ಕವೂ ಬೇರೆ, ಮೂರೂ ಸರಿ.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನಲ್ಲಿ ಈ ಸೀಮೆಯ ಜನರ ಬಾಯಲ್ಲಿ ನಿಂತಿರುವ ಮಾತು: ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ. ಅವರು ಕೆರೆ ಕಟ್ಟಿಸಿದಾಗ ದುಡಿದವರಿಗೆಲ್ಲ ಅವರವರು ದುಡಿದಷ್ಟೇ ಕೂಲಿ ಸಿಕ್ಕಿತೆಂದು ಜನ ಕಥೆ ಹೇಳುತ್ತಾರೆ. ಮಾಡಿದಷ್ಟು ಎಂಬುದನ್ನು ಗೊತ್ತುಮಾಡುವುದಕ್ಕೆ ಅಳತೆ ಬೇಕು. ಚದರದ ಲೆಕ್ಕದಲ್ಲಿ ಗಾರೆ ಮಾಡುವವರು, ಬಣ್ಣ ಬಳಿಯುವವರು, ತಗಡು ಹೊದಿಸುವವರು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ. ಅಳೆಯಲು ಬಾರದವರ ಬೆವರನ್ನು ಬೇರೆಯವರು ಅಳೆಯುತ್ತಾರೆ. ತಮ್ಮ ಕೆಲಸದ ವಿಸ್ತೀರ್ಣವನ್ನು ತಾವೇ ಕಟ್ಟಬಲ್ಲವರು ಕೂಲಿಗಾಗಿ ಗೋಗರೆಯಬೇಕಾಗಿಲ್ಲ. ಲೆಕ್ಕ ತೋರಿಸಿ ಕೇಳಬಹುದು. ಈ ಕಾರಣಕ್ಕಾಗಿಯೇ ಗಣಿತ ಬಡವರ ಮನೆಗೆ ಮೊದಲು ತಲುಪಬೇಕು ಎಂದು ನಾನು ನಂಬುತ್ತೇನೆ.

ಅದನ್ನು ತಲುಪಿಸುವವರು ಅಧ್ಯಾಪಕರು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಸುಮಾರು 1500 ಎಕರೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ ಪ್ರೌಢಶಾಲೆ, ಪಿಯು ಕಾಲೇಜುಗಳ ವಿಜ್ಞಾನ, ಗಣಿತ ಅಧ್ಯಾಪಕರು ತರಬೇತಿ ಪಡೆಯುತ್ತಾರೆ. ಮಾಡಿ ಕಲಿಯಬೇಕು, ಮುಟ್ಟಿ ಕಲಿಯಬೇಕು ಎಂಬುದು ಎಲ್ಲ ಒಳ್ಳೆಯ ಅಧ್ಯಾಪಕರ ಅಂತರಂಗದ ಮಾತು. ಪಟ್ಟಕದ ಪಾಠಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಶಾಲೆಯ ಪಕ್ಕದ ಹೊಲದಲ್ಲಿ ಅದು ಮಲಗಿದೆ.

ಮೇಷ್ಟ್ರುಗಳೇ, ಮೇಡಂಗಳೇ, ಸುಗ್ಗಿಯ ಕಾಲದಲ್ಲಿ ಒಂದು ದಿನ ಮಕ್ಕಳನ್ನು ಹಗ್ಗ, ಟೇಪು ಕೊಟ್ಟು ಬಣವೆಯ ಹತ್ತಿರ ಕರೆದುಕೊಂಡು ಹೋಗಿ. ಪುಸ್ತಕದಲ್ಲಿ ಮೂರು ಕಂಬಸಾಲು ಎಳೆಸಿ: ಮೊದಲನೆಯದರಲ್ಲಿ ಮುಖದ ಆಕಾರ, ಎರಡನೆಯದರಲ್ಲಿ ವಿಸ್ತೀರ್ಣ, ಮೂರನೆಯದರಲ್ಲಿ ಈ ಕೆಲಸಕ್ಕೆ ಅದು ಬೇಕೋ ಬೇಡವೋ, ಯಾಕೆ. ಮೂರನೆಯ ಕಂಬಸಾಲಿಗೇ ಹೆಚ್ಚು ಅಂಕ ಕೊಡಿ. ಮಕ್ಕಳೇ, ಈ ಸಲ ಮನೆಯಲ್ಲಿ ಅಪ್ಪ ತಾಡಪಾಲು ತರಲು ಹೊರಟಾಗ ಅಳತೆ ಬರೆದ ಚೀಟಿ ನಿಮ್ಮ ಕೈಯಿಂದ ಹೋಗಲಿ. ಅವ್ವ ಮಗ್ಗದ ಮನೆಗೆ ತಗಡು ಹಾಕಿಸಬೇಕೆಂದರೆ ಚದರದ ಲೆಕ್ಕ ನೀವು ಕಟ್ಟಿ. ಉತ್ತರವನ್ನು ಪುಸ್ತಕದ ಹಿಂದಿನ ಹಾಳೆಯಲ್ಲಿ ಹುಡುಕಬೇಡಿ. ತಾಡಪಾಲು ನಾಲ್ಕೂ ಕಡೆ ನೆಲ ಮುಟ್ಟಿದರೆ ನಿಮ್ಮ ಲೆಕ್ಕ ಸರಿ.